ಇಪ್ಪತ್ತನಾಲ್ಕನೆಯ ಹೆಸರು

ಬೇಡಿಕೆ ಸ್ಪಷ್ಟವಾಗಿತ್ತು. ಇಪ್ಪತ್ತನಾಲ್ಕು ಗಂಡಸರು, ವಯಸ್ಸು ಹದಿನೆಂಟರಿಂದ ಮೂವತ್ತೈದರೊಳಗೆ, ಕಪ್ಪು ಜನ, ಗಡ್ಡ ಬೇಡ, ಕಾಣುವ ಜಾಗದಲ್ಲಿ ಹಚ್ಚೆ ಬೇಡ, ಎರಡು ದಿನದ ಕೆಲಸ, ಸ್ಥಳ ಅಬುಧಾಬಿಯ ಮುಸಫ್ಫಾ. ದುಬೈಯ ಅಲ್ ಕುಸೈಸ್‌ನ ನಮ್ಮ ಕಚೇರಿಯಿಂದ ಮಾಲುಗಳಿಗೆ, ಗೋದಾಮುಗಳಿಗೆ ಸೆಕ್ಯುರಿಟಿ ಗಾರ್ಡುಗಳನ್ನು ಕಳಿಸುತ್ತಿದ್ದೆವು. ಸಿನಿಮಾಕ್ಕೆ ಜನ ಬೇಕೆಂದು ಯಾರಾದರೂ ಕೇಳಿದ್ದು ಅದೇ ಮೊದಲು. ಬಾಸ್ ಇಮೇಲನ್ನು ನನಗೆ ದಾಟಿಸಿ, ಇದು ನಿನ್ನದು ಎಂದರು.

ಇಮೇಲಿನ ಜೊತೆ ಎರಡು ಪುಟದ ಕಥಾ ಸಾರಾಂಶವಿತ್ತು. ಮೂರು ಸಲ ಓದಿದೆ. ಐವತ್ತು ವರ್ಷ ಹಿಂದಿನ ಅಮೆರಿಕ, ದಕ್ಷಿಣದ ಒಂದು ಸಣ್ಣ ಪಟ್ಟಣದ ಬಸ್ ನಿಲ್ದಾಣ. ಬಿಳಿಯರಿಗೊಂದು ವೇಟಿಂಗ್ ರೂಮು, ಕಪ್ಪು ಜನರಿಗೊಂದು. ಕಾಲೇಜು ಹುಡುಗರ ಗುಂಪೊಂದು ಬೇಕೆಂದೇ ಹೋಗಿ ಬಿಳಿಯರ ಬೆಂಚಿನಲ್ಲಿ ಕೂರುತ್ತದೆ. ಹೊಡೆದಾಟವಾಗುತ್ತದೆ. ಅವರಲ್ಲಿ ಒಬ್ಬ ಅಂದೇ ಕಾಣೆಯಾಗಿ, ವಾರದ ಮೇಲೆ ಹೆಣವಾಗಿ ಸಿಗುತ್ತಾನೆ. ತನಿಖೆಗೆ ಹೊರಗಿನಿಂದ ಇಬ್ಬರು ಪೊಲೀಸರು ಬರುತ್ತಾರೆ, ಊರಿನ ಪೊಲೀಸರು ಸಾಕ್ಷ್ಯ ಅಳಿಸುತ್ತಾ ಹೋಗುತ್ತಾರೆ. ಕೊಂದವರೂ ಪೊಲೀಸರೇ, ಹುಡುಕುವವರೂ ಪೊಲೀಸರೇ ಎಂಬಲ್ಲಿಗೆ ಬಂದಾಗ ನನ್ನ ತಲೆ ಗೊಜಲಾಯಿತು. ನನಗೆ ಬೇಕಾಗಿದ್ದದ್ದು ಕಥೆಯಲ್ಲ, ತಲೆಯ ಎಣಿಕೆ ಎಂದು ಸಮಾಧಾನ ಮಾಡಿಕೊಂಡೆ.

ಹೊರಾಂಗಣದ ದೃಶ್ಯಗಳನ್ನು ಅಮೆರಿಕದಲ್ಲೇ ತೆಗೆದಾಗಿತ್ತಂತೆ. ವೇಟಿಂಗ್ ರೂಮು, ಜೈಲು, ಕೋರ್ಟು, ಇವುಗಳನ್ನು ಮುಸಫ್ಫಾದ ಒಂದು ಹಳೆಯ ಗೋದಾಮಿನೊಳಗೆ ಕಟ್ಟಿದ್ದರು. ನನ್ನ ಪಾಲಿನ ಕೆಲಸ ಇಷ್ಟು: ಪ್ರತಿಯೊಬ್ಬನ ಎಮಿರೇಟ್ಸ್ ಐಡಿಯ ಎರಡೂ ಬದಿ, ಪಾಸ್‌ಪೋರ್ಟಿನ ಪ್ರತಿ, ಕಂಪನಿಯ ಅನುಮತಿ ಪತ್ರ, ನೇರವಾಗಿ ಮತ್ತು ಪಕ್ಕದಿಂದ ತೆಗೆದ ಎರಡು ಫೋಟೋ, ಕಾಲರು, ಸೊಂಟ, ಷೂಗಳ ಅಳತೆ. ಇವೆಲ್ಲ ಸೇರಿಸಿ ಒಂದು ಪಟ್ಟಿ. ಆ ಪಟ್ಟಿ ಹೋಗಿ ಗೇಟ್ ಪಾಸ್ ಆಗಿ ಬರಬೇಕು.

ಗಾರ್ಡುಗಳು ಇರುತ್ತಿದ್ದದ್ದು ಜೆಬೆಲ್ ಅಲಿಯ ಲೇಬರ್ ಕ್ಯಾಂಪಿನಲ್ಲಿ. ಉಗಾಂಡಾದವರು, ಕೀನ್ಯಾದವರು, ಘಾನಾದವರು. ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ ಮೆಸ್ಸಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ನಾನೇ ಫೋಟೋ ತೆಗೆದೆ. ಅಳತೆ ಟೇಪು ಹೆಂಡತಿಯ ಹೊಲಿಗೆ ಡಬ್ಬಿಯಿಂದ ತಂದಿದ್ದೆ. ಪಟ್ಟಿ ಕಳಿಸಿದ ಮರುದಿನವೇ ಎಡವಟ್ಟು. ಒಂದು ಮಾಲಿನವರು ತಮ್ಮಲ್ಲಿ ಡ್ಯೂಟಿಯಲ್ಲಿರುವ ಐದು ಜನರನ್ನು ಬಿಡುವುದಿಲ್ಲ ಎಂದರು. ಬದಲಿಗೆ ಐದು ಹೆಸರು ಹುಡುಕಲು ನಮ್ಮ ಟೈಮ್‌ಕೀಪರನಿಗೆ ಹೇಳಿದೆ. ಅವನು ದಾವಣಗೆರೆಯವ, ಸಾವಿರಾರು ಜನರ ಹಾಜರಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡವ. ಫೈಲುಗಳ ಫೋಟೋ ನೋಡಿ ನೋಡಿ ಐದು ಜನರನ್ನು ಸೇರಿಸಿದ. ನಾನು ಯೂನಿಫಾರ್ಮಿನ ದಾಖಲೆ ನೋಡಿ ಅಳತೆಗಳನ್ನು ಮಾತ್ರ ತುಂಬಿಸಿ, ಮಿಕ್ಕ ಕಾಲಂಗಳನ್ನು ಸರಿಯಾಗಿ ನೋಡದೆ ಕಳಿಸಿಬಿಟ್ಟೆ.

ಶೂಟಿಂಗಿನ ದಿನ ಬೆಳಗಿನ ಐದೂವರೆಗೆ ಬಸ್ಸು ಕ್ಯಾಂಪು ಬಿಟ್ಟಿತು. ನಾನು ಡ್ರೈವರನ ಹಿಂದಿನ ಸೀಟಿನಲ್ಲಿದ್ದೆ. ದಾರಿಯಲ್ಲಿ ಟೈಮ್‌ಕೀಪರನ ಫೋನು ಬಂತು, ಎಲ್ಲರೂ ಹತ್ತಿದರಾ ಎಂದು ಕೇಳಲಿಕ್ಕೆ. ನಾವಿಬ್ಬರೂ ಕನ್ನಡದಲ್ಲೇ ಮಾತಾಡುವವರು. ನಾನು ಗಟ್ಟಿಯಾಗಿಯೇ ಹೇಳಿದೆ: ಹತ್ತಿದ್ದಾರೆ ಮಾರಾಯ, ಆದರೆ ಫೋಟೋ ಹಿಡಿದುಕೊಂಡು ಯಾರು ಯಾರೆಂದು ಹೇಳಲಿಕ್ಕೆ ಆಗುವುದಿಲ್ಲ, ಎಲ್ಲ ಒಂದೇ ಅಚ್ಚು. ಅದರ ಹಿಂದೆಯೇ, ಇಂಥವರನ್ನು ಒಂದು ಬಸ್ಸು ತುಂಬಿಸಿಕೊಂಡು ಹೋಗುತ್ತಿದ್ದೇನೆ ಎಂದು ಒಂದು ಪದ ಬಳಸಿದೆ. ನಮ್ಮ ಕರಾವಳಿಯಲ್ಲಿ ಆಫ್ರಿಕಾದವರಿಗೆ ಹೇಳುವ ಪದ. ಶಾಲೆಯಲ್ಲಿ ಕಪ್ಪಗಿದ್ದವರನ್ನು ಕರೆಯಲಿಕ್ಕೂ ಅದನ್ನೇ ಬಳಸುತ್ತಿದ್ದೆವು. ಇಲ್ಲಿ ಬರೆಯುವುದಿಲ್ಲ. ಟೈಮ್‌ಕೀಪರ ನಕ್ಕ. ನಾನೂ ನಕ್ಕೆ. ಬಸ್ಸಿನಲ್ಲಿ ಕನ್ನಡ ತಿಳಿಯುವವರು ಯಾರಿದ್ದಾರೆ?

ಗೋದಾಮಿನ ಗೇಟಿನಲ್ಲಿ ಇಪ್ಪತ್ಮೂರು ಜನ ಒಳಗೆ ಹೋದರು. ಇಪ್ಪತ್ತನಾಲ್ಕನೆಯವನ ಐಡಿಯನ್ನು ಗೇಟಿನ ಗುಮಾಸ್ತ ತಿರುಗಿಸಿ ತಿರುಗಿಸಿ ನೋಡಿದ. ನಾನು ಕಳಿಸಿದ ಪಟ್ಟಿಯಲ್ಲಿ ರಾಷ್ಟ್ರೀಯತೆ ಉಗಾಂಡಾ ಎಂದಿತ್ತು, ಐಡಿಯಲ್ಲಿ ಇಂಡಿಯಾ. ಬೇರೆ ಯಾರದ್ದೋ ಐಡಿ ಹಿಡಿದುಕೊಂಡು ಬಂದಿದ್ದಾನೆ ಎಂದುಕೊಂಡೆ. ಆದರೆ ಐಡಿಯಲ್ಲಿದ್ದ ಫೋಟೋ ಇವನದೇ. ನೀನು ಯಾವ ದೇಶದವ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಇಂಡಿಯಾ, ಸರ್ ಎಂದ. ಕೇಳಿಸಿಕೊಂಡದ್ದು ತಪ್ಪಿರಬೇಕೆಂದು ಮತ್ತೆ ಕೇಳಿದೆ. ಆಗ ಅವನು ಸುತ್ತ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ:

"ನಮ್ದು ಹಳಿಯಾಳ ತಾಲ್ಲೂಕ್ರಿ ಸರ್. ಸಿದ್ದಿಯವ್ರು ನಾವು. ಬಸ್ಸಿನ್ಯಾಗ ನೀವು ಮಾತಾಡಿದ್ದು ಎಲ್ಲಾ ಕೇಳಿಸ್ತು."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಉಡುಪಿಯಲ್ಲಿ ಯಾವುದೋ ಸಮಾರಂಭದ ಮೆರವಣಿಗೆಯಲ್ಲಿ, ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದ ಸಿದ್ದಿಯರ ಕುಣಿತದ ತಂಡವನ್ನು ನೋಡಿದ್ದೆ, ಚಪ್ಪಾಳೆ ತಟ್ಟಿದ್ದೆ. ಅವರು ಕನ್ನಡ ಶಾಲೆಗೆ ಹೋಗಿ, ಪಾಸ್‌ಪೋರ್ಟು ಮಾಡಿಸಿ, ನನ್ನ ಹಾಗೆಯೇ ವೀಸಾ ಹೊಡೆಸಿಕೊಂಡು ಇಲ್ಲಿಗೆ ಬರಬಹುದು ಎಂಬುದು ತಲೆಗೆ ಹೋಗಿಯೇ ಇರಲಿಲ್ಲ. "ಮೊದಲೇ ಹೇಳುದಲ್ವಾ ಮಾರಾಯ" ಎಂದೆ. ಏನನ್ನು ಮೊದಲೇ ಹೇಳಬೇಕಿತ್ತು, ಯಾರಿಗೆ ಹೇಳಬೇಕಿತ್ತು, ನನಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಸಹಾಯಕ ನಿರ್ದೇಶಕಿ ಬಂದಳು. ಇಂಗ್ಲಿಷ್ ಹೆಂಗಸು, ಕಿವಿಯಲ್ಲಿ ಸದಾ ವಾಕಿಟಾಕಿಯ ತಂತಿ. ನಾವು ಕೇಳಿದ್ದು ಕಪ್ಪು ಅಮೆರಿಕನ್ನರಾಗಿ ಕಾಣುವವರನ್ನು, ನೀವು ಇಂಡಿಯನ್ನನ್ನು ತಂದಿದ್ದೀರಿ ಎಂದು ಕಾಗದ ನೋಡಿ ಹೇಳಿದಳು. ಆಮೇಲೆ ತಲೆ ಎತ್ತಿ ಅವನನ್ನು ನೋಡಿದಳು. ಮತ್ತೆ ಕಾಗದ ನೋಡಿದಳು. ಕಪ್ಪು ಜನರಲ್ಲದವರಿಗೆ ಬಣ್ಣ ಬಳಿದು ತಂದಿದ್ದಾರೆಂಬ ಮಾತು ಬಂದರೆ ಸಿನಿಮಾದ ಮಾನ ಹೋಗುತ್ತದೆ, ಹಾಗಾಗಿ ಇವನು ಆಫ್ರಿಕಾ ಮೂಲದವನೆಂದು ನೀವು ಬರೆದು ಸಹಿ ಹಾಕಿಕೊಡಬೇಕು ಎಂದಳು. ನಾನು ಅವನ ಮುಖ ನೋಡಿದೆ.

"ಬರೀರಿ ಸರ್," ಎಂದ ಅವನು. "ಊರಾಗ ಆಫ್ರಿಕಾದವ್ರು ಅಂತಾರ. ಇಲ್ಲಿ ಇಂಡಿಯಾದವ ಅಂತ ಗೇಟಿನ್ಯಾಗ ನಿಲ್ಲಿಸ್ತಾರ."

ಬರೆದೆ. ಸಹಿ ಹಾಕುವಾಗ ಸುಳ್ಳು ಬರೆಯುತ್ತಿದ್ದೇನೋ ನಿಜ ಬರೆಯುತ್ತಿದ್ದೇನೋ ತಿಳಿಯಲಿಲ್ಲ.

ಒಳಗೆ ಕೆಲಸ ವೇಗವಾಗಿ ಸಾಗಿತ್ತು. ಬಿಳಿ ಅಂಗಿ, ಕಿರಿದಾದ ಟೈ, ಕಪ್ಪು ಷೂ. ನಮ್ಮ ಗಾರ್ಡುಗಳಲ್ಲಿ ಮುಕ್ಕಾಲು ಪಾಲು ಜನ ತಲೆ ಬೋಳಿಸಿಕೊಂಡವರು. ಆ ಕಾಲದ ಹುಡುಗರಿಗೆ ಕೂದಲಿರಬೇಕೆಂದು ಅವರಿಗೆಲ್ಲ ಹ್ಯಾಟು ಕೊಟ್ಟು ಹಿಂದಿನ ಸಾಲಿಗೆ ಹಾಕಿದರು. ಹಳಿಯಾಳದವನಿಗೆ ಕೂದಲಿತ್ತು. ಅದಕ್ಕೆ ಎಣ್ಣೆ ಹಚ್ಚಿ ಬೈತಲೆ ತೆಗೆದು ಮುಂದಿನ ಬೆಂಚಿನಲ್ಲಿ ಕೂರಿಸಿದರು.

ನಿರ್ದೇಶಕ ಬಂದು ಸಾಲಿನುದ್ದಕ್ಕೂ ಒಂದೊಂದೇ ಮುಖ ನೋಡುತ್ತಾ ನಡೆದ. ಅವನೂ ಕಪ್ಪು ಮನುಷ್ಯ, ಅಮೆರಿಕದವ, ಅರವತ್ತರ ಆಸುಪಾಸು, ಮಾತು ಬಹಳ ಮೆತ್ತಗೆ. ಅವನು ಹುಟ್ಟಿದ ಊರಿನಲ್ಲೂ ಇಂಥದೇ ಎರಡು ವೇಟಿಂಗ್ ರೂಮುಗಳಿದ್ದವೆಂದು ಸಹಾಯಕ ನಿರ್ದೇಶಕಿ ಹೇಳಿದ್ದಳು. ಹಳಿಯಾಳದವನ ಎದುರು ನಿಂತ. ಇವನೇ ಇರಲಿ ಎಂದ.

ದೃಶ್ಯ ಇಷ್ಟೇ. ಬೆಂಚಿನ ತುದಿಯಲ್ಲಿ ಹುಡುಗ ಪುಸ್ತಕ ಹಿಡಿದು ಕೂತಿದ್ದಾನೆ. ಊರಿನ ಬಿಳಿಯನೊಬ್ಬ ಬಂದು, ಬಗ್ಗಿ, ಅವನ ಮುಖದ ಹತ್ತಿರ ಕಪ್ಪು ಜನರನ್ನು ಹಳಿಯುವ ಒಂದು ಪದ ಹೇಳಿ, ಕೈಯಲ್ಲಿದ್ದ ತಂಪು ಪಾನೀಯವನ್ನು ಅವನ ತಲೆಯ ಮೇಲೆ ಸುರಿಯುತ್ತಾನೆ. ಹುಡುಗ ಏಳಬಾರದು, ಕೈ ಎತ್ತಬಾರದು. ಕ್ಯಾಮೆರಾ ಅವನ ಮುಖದ ಮೇಲೆಯೇ ಇರುತ್ತದೆ. ಅಂಗಿ ಪ್ರತಿ ಸಲ ಹಾಳಾಗುವುದರಿಂದ ಒಂದೇ ಅಳತೆಯ ಆರು ಅಂಗಿಗಳನ್ನು ಇಸ್ತ್ರಿ ಮಾಡಿ ತೂಗುಹಾಕಿದ್ದರು. ಅಂದರೆ ಆರು ಟೇಕು.

ಮೊದಲ ಟೇಕಿನಲ್ಲಿ ಲೋಟ ಬೇಗ ಖಾಲಿಯಾಯಿತು. ಎರಡನೆಯದರಲ್ಲಿ ಹಿಂದೆ ಯಾರೋ ಕೆಮ್ಮಿದರು. ಮೂರು ಮತ್ತು ನಾಲ್ಕರಲ್ಲಿ ಎಲ್ಲ ಸರಿಯಿತ್ತು, ಆದರೆ ನಿರ್ದೇಶಕ ತಲೆಯಾಡಿಸಿದ. ಮುಖದಲ್ಲಿ ಏನೂ ಇಲ್ಲ ಎಂದ. ಐದನೆಯದರಲ್ಲೂ ಇರಲಿಲ್ಲ. ಸಕ್ಕರೆ ನೀರು ಹಣೆಯಿಂದ ಗಲ್ಲಕ್ಕೆ ಇಳಿಯುತ್ತಿತ್ತು, ಕಣ್ಣು ನೇರ ಎದುರಿನ ಗೋಡೆಯ ಮೇಲಿತ್ತು. ಯಾಕೆಂದು ನನಗೆ ಗೊತ್ತಿತ್ತು. ಗಾರ್ಡುಗಳಿಗೆ ನಮ್ಮ ಕಂಪನಿ ಕಲಿಸುವ ಮೊದಲ ಪಾಠವೇ ಅದು. ಪಾರ್ಕಿಂಗಿನಲ್ಲಿ ಯಾರು ಏನು ಬೈದರೂ ಮುಖದಲ್ಲಿ ಏನೂ ಕಾಣಿಸಬಾರದು. ಆ ತರಬೇತಿಯ ಹಾಳೆಗಳನ್ನು ಟೈಪು ಮಾಡಿಸಿದವನು ನಾನೇ.

ಒಂದೇ ಅಂಗಿ ಉಳಿಯಿತು. ಇವನಿಗೆ ಆ ಪದದ ಅರ್ಥ ಗೊತ್ತಿದೆಯೇ ಎಂದು ನಿರ್ದೇಶಕ ಕೇಳಿದ. ಅದು ಕೆಟ್ಟ ಮಾತೆಂದು ಗೊತ್ತಿದೆ, ಆದರೆ ನನ್ನ ಭಾಷೆಯದಲ್ಲ ಎಂದು ಹಳಿಯಾಳದವನು ತನ್ನ ಇಂಗ್ಲಿಷಿನಲ್ಲಿ ಹೇಳಿದ. ಯಾವುದು ನಿನ್ನ ಭಾಷೆ ಎಂಬ ಮುಂದಿನ ಪ್ರಶ್ನೆಗೆ ಅವನು ನನ್ನ ಕಡೆ ಕೈ ತೋರಿಸಿದ. ಇವರದೂ ನನ್ನದೂ ಒಂದೇ ಭಾಷೆ ಎಂದ.

ನಿರ್ದೇಶಕ ನನ್ನನ್ನು ಕ್ಯಾಮೆರಾದ ಪಕ್ಕಕ್ಕೆ ಕರೆಸಿದ. ಅವನು ಒರಟು ಮನುಷ್ಯನಾಗಿರಲಿಲ್ಲ. ಮೊದಲು ಹಳಿಯಾಳದವನ ಎದುರು ಮೊಣಕಾಲೂರಿ ಕೂತು, ನಿನ್ನ ಭಾಷೆಯಲ್ಲೇ ಅಂಥ ಪದ ಹೇಳಿಸುತ್ತೇನೆ, ನಿನಗೆ ಒಪ್ಪಿಗೆಯಿಲ್ಲದಿದ್ದರೆ ಬೇಡ, ಇಲ್ಲಿಗೇ ನಿಲ್ಲಿಸುತ್ತೇನೆ ಎಂದ. ಅವನು ಒಪ್ಪಿದ. ಆಮೇಲೆ ನಿರ್ದೇಶಕ ನನಗೆ ವಿವರಿಸಿದ. ಬಿಳಿಯ ನಟ ತುಟಿಯಾಡಿಸುತ್ತಾನೆ, ದನಿಯನ್ನು ನಂತರ ಸೇರಿಸಿಕೊಳ್ಳುತ್ತೇವೆ. ಅದೇ ಗಳಿಗೆಯಲ್ಲಿ ನೀನು ಇಲ್ಲಿ ನಿಂತು ನಿಮ್ಮ ಭಾಷೆಯಲ್ಲಿ ಅದಕ್ಕೆ ಸಮನಾದ ಪದ ಹೇಳು. ಅವನ ಕಿವಿಗೆ ಬಿದ್ದರೆ ಸಾಕು.

ನಾನು ಬೆಂಚಿನ ಬಳಿ ಹೋಗಿ ಬಗ್ಗಿ ಕನ್ನಡದಲ್ಲಿ, ಇದೆಲ್ಲ ಬೇಡ ಅನ್ನಿಸಿದರೆ ಹೇಳಿ, ನಾನು ಮಾತಾಡ್ತೇನೆ ಎಂದೆ. ಅಷ್ಟು ಹೊತ್ತಿಗೆ ನಾನು ಅವರಿಗೆ ಬಹುವಚನ ಹಚ್ಚಿದ್ದೆ, ಯಾವಾಗ ಶುರುವಾಯಿತೋ ನೆನಪಿಲ್ಲ. ಅವರು ಒರೆಸಿಕೊಂಡ ಮುಖದಿಂದ ನನ್ನನ್ನು ನೋಡಿದರು.

"ಹೇಳ್ರಿ ಸರ್, ಕೆಲಸ ಅಲ್ಲ? ಮುಂಜಾನೆ ಅಂದಿದ್ರಲ್ಲ, ಅದನ್ನ ಅನ್ರಿ."

ಆರನೆಯ ಅಂಗಿ ತೊಡಿಸಿದರು. ದೀಪ ಸರಿ ಮಾಡಿದರು. ಅರವತ್ತು ಎಪ್ಪತ್ತು ಜನ ಸದ್ದಿಲ್ಲದೆ ನಿಂತಿದ್ದರು. ಪಕ್ಕದಲ್ಲಿ ನಮ್ಮ ಇಪ್ಪತ್ಮೂರು ಜನ. ನಿರ್ದೇಶಕ ನನ್ನ ಕಡೆ ತಿರುಗಿ, ಆ ಪದ ಯಾವುದು, ಮೊದಲು ನನಗೆ ಹೇಳು ಎಂದ. ನಾಲಿಗೆಯ ತುದಿಯಲ್ಲಿತ್ತು. ಬೆಳಿಗ್ಗೆ ಸಲೀಸಾಗಿ ಬಂದದ್ದು ಈಗ ಹೊರಡಲಿಲ್ಲ. ಅದನ್ನು ಹೇಳಿದರೆ ನಾನು ಯಾರೆಂದು ಈ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಭಯವೋ, ಈ ಮನುಷ್ಯನನ್ನು ಇನ್ನೊಮ್ಮೆ ನೋಯಿಸಬಾರದೆಂಬ ಮರ್ಯಾದೆಯೋ, ಬಿಡಿಸಿ ಹೇಳಲಾರೆ. ಇಂಗ್ಲಿಷಿನಲ್ಲಿ ಹೇಳಿದೆ:

"ಕ್ಷಮಿಸಿ ಸರ್. ನಮ್ಮ ಭಾಷೆಯಲ್ಲಿ ಅಂಥ ಪದ ಇಲ್ಲ."

ಒಳ್ಳೆಯ ಕೆಲಸ ಮಾಡಿದೆ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಬೆಂಚಿನ ಕಡೆ ನೋಡಿದೆ. ಹಳಿಯಾಳದವರು ಗೋಡೆ ಬಿಟ್ಟು ನನ್ನನ್ನು ನೋಡುತ್ತಿದ್ದರು. ಐದು ಟೇಕುಗಳಲ್ಲಿ ಇಲ್ಲದ್ದು ಆ ಮುಖದಲ್ಲಿ ಇತ್ತು. ಸಿಟ್ಟೆಂದರೆ ಸಿಟ್ಟಲ್ಲ, ಅಳುವೂ ಅಲ್ಲ. ಎದುರಿಗಿರುವವನು ಹೀಗೂ ಮಾಡಬಲ್ಲನೇ ಎಂದು ನೋಡುವ ನೋಟ. ನಿರ್ದೇಶಕ ಬಾಯಿ ತೆರೆಯದೆ ಕೈ ಎತ್ತಿದ. ಕ್ಯಾಮೆರಾ ಓಡಿತು. ಬಿಳಿಯ ನಟ ಬಂದು ಬಗ್ಗಿದ, ಲೋಟ ವಾಲಿತು. ಅವರು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ನನಗೆ ಅಲ್ಲಿಂದ ಸರಿಯಲು ಆಗಲಿಲ್ಲ, ಸರಿದರೆ ಅವರ ನೋಟದ ದಿಕ್ಕು ತಪ್ಪಿ ಶಾಟು ಹಾಳಾಗುತ್ತಿತ್ತು.

ಕಟ್ ಎಂದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಿರ್ದೇಶಕ ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದ ಹಾಗೆ, ಆ ಪದ ಇದೆ ಅಲ್ಲವೇ ಎಂದ. ಉತ್ತರಕ್ಕೆ ಕಾಯದೆ ಕ್ಯಾಮೆರಾದ ಕಡೆ ಹೋದ.

ಸಂಜೆ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಅವರ ಪಕ್ಕದಲ್ಲಿ ಕೂತೆ. ಕೂದಲಿಗೆ ಇನ್ನೂ ಸಕ್ಕರೆಯ ಅಂಟಿತ್ತು, ಬೆರಳಿನಿಂದ ಬಿಡಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಿದೆ. ನಿಮಗೆ ನೋವಾಗಬಾರದೆಂದು ಸೆಟ್ಟಿನಲ್ಲಿ ಹಾಗೆ ಹೇಳಿದೆ ಎಂದೂ ಸೇರಿಸಿದೆ. ಅವರು ಕೂದಲು ಬಿಟ್ಟು ನನ್ನ ಕಡೆ ತಿರುಗಿದರು.

"ಮುಂಜಾನಿಂದು ಬಿಡ್ರಿ ಸರ್. ಒಂದನೇ ಕ್ಲಾಸಿನಿಂದ ಕೇಳೇನಿ, ರೂಢಿ ಆಗೈತಿ. ಆದ್ರ ಇಲ್ಲ ಅಂತ ಯಾಕ ಅಂದ್ರಿ? ಐತಿ ಅಂದಿದ್ರ ಆ ಡೈರೆಕ್ಟರ್ ಮನಷ್ಯಾಗ ತಿಳೀತಿತ್ತು, ನಂದೂ ಅವನ ಕತೀನ ಅಂತ. ಎಲ್ಲಾರ ಮುಂದ ನಂದು ಏನೂ ಇಲ್ಲ ಅಂದಂಗ ಆತು."

ಪದ ಹೇಳಿದ್ದೂ ತಪ್ಪು, ಹೇಳದಿದ್ದದ್ದೂ ತಪ್ಪು. ಎರಡೂ ಹೇಗೆ ತಪ್ಪಾಗುತ್ತವೆ ಎಂದು ಅಲ್ ಕುಸೈಸ್ ತಲುಪುವವರೆಗೆ ಲೆಕ್ಕ ಹಾಕಿದೆ, ತಾಳೆಯಾಗಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ ಅವಳು, ನೀವು ಸುಳ್ಳು ಹೇಳಿದ್ದು ಯಾರನ್ನು ಕಾಪಾಡ್ಲಿಕ್ಕೆ ಎಂದಳು. ಕಾಲೇಜಿಗೆ ಹೋಗುವ ಮಗಳು ಇಂಗ್ಲಿಷಿನಲ್ಲಿ, ಅಪ್ಪ, ಅಂಥ ಪದ ನಮ್ಮಲ್ಲಿ ಇದೆಯಾ ಎಂದು ಕೇಳಿದಳು. ಇದೆ ಎಂದೆ. ಯಾವುದೆಂದು ಹೇಳಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ನಿರ್ದೇಶಕನ ಬಳಿಗೆ ಹೋದೆ. ಕೈಯಲ್ಲಿ ತಟ್ಟೆ ಹಿಡಿದವನನ್ನು ನಿಲ್ಲಿಸಿ, ಪದ ಇದೆ ಸರ್, ನಿನ್ನೆ ಬೆಳಿಗ್ಗೆ ಅವರ ಬಗ್ಗೆಯೇ ಬಳಸಿದ್ದೆ, ಅದಕ್ಕೇ ಇಲ್ಲವೆಂದೆ ಎಂದು ಹೇಳಿಬಿಟ್ಟೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವನು ತಲೆಯಾಡಿಸಿ, ತಟ್ಟೆ ಹಿಡಿದುಕೊಂಡೇ ಹೋಗಿ ಹಳಿಯಾಳದವರ ಪಕ್ಕದ ಕುರ್ಚಿಯಲ್ಲಿ ಕೂತ. ಇಬ್ಬರೂ ಊಟ ಮುಗಿಯುವವರೆಗೆ ಮಾತಾಡಿದರು. ಏನು ಮಾತಾಡಿದರೆಂದು ನನಗೆ ಯಾರೂ ಹೇಳಲಿಲ್ಲ, ಕೇಳುವ ಹಕ್ಕು ನನಗಿದೆಯೆಂದೂ ಅನ್ನಿಸಲಿಲ್ಲ.

ಶೂಟಿಂಗು ಮುಗಿದ ವಾರದಲ್ಲಿ ಹಳಿಯಾಳದವರು ಕಚೇರಿಗೆ ಫೋನು ಮಾಡಿದರು. ಒಂದು ಬೇಡಿಕೆಯಿತ್ತು. ಎರಡು ವರ್ಷದ ಹಿಂದೆ ಕ್ಯಾಂಪಿಗೆ ಬಂದ ದಿನ, ಸೂಪರ್‌ವೈಸರ ಮುಖ ನೋಡಿದ್ದೇ ಉಗಾಂಡಾದವರ ರೂಮಿಗೆ ಹಾಕಿದ್ದನಂತೆ. ಎರಡು ಸಲ ಅರ್ಜಿ ಕೊಟ್ಟಿದ್ದರು, ಯಾರೂ ನೋಡಿರಲಿಲ್ಲ. ನಮ್ಮ ಊಟ, ನಮ್ಮ ಮಾತು ಇರುವ ರೂಮು ಸಿಗುತ್ತದೆಯೇ ಎಂದರು. ಕೊನೆಗೂ ನನ್ನಿಂದ ಆಗುವ ಕೆಲಸವೊಂದು ಸಿಕ್ಕಿತೆಂದು ಜೀವ ಹಗುರಾಯಿತು. ಅದೇ ದಿನ ವರ್ಗಾವಣೆಯ ಕಾಗದ ಮಾಡಿಸಿ, ಪಕ್ಕದ ಬ್ಲಾಕಿನಲ್ಲಿ ಕರ್ನಾಟಕದ ಐದು ಜನ ಡ್ರೈವರುಗಳಿದ್ದ ರೂಮಿಗೆ ಕಳಿಸಿದೆ. ಇವರು ನಮ್ಮವರು, ಚೆನ್ನಾಗಿ ನೋಡಿಕೊಳ್ಳಿ ಎಂದು ಅವರಿಗೆ ಫೋನಿನಲ್ಲಿ ಹೇಳಿದೆ.

ಮೂರು ವಾರ ಕಳೆದು ಕ್ಯಾಂಪಿಗೆ ಹೋದಾಗ ಅವರೇ ಹುಡುಕಿಕೊಂಡು ಬಂದರು. ಹಳೆಯ ರೂಮಿಗೇ ವಾಪಸು ಹಾಕಿ ಎಂದರು. ಯಾರಾದರೂ ಏನಾದರೂ ಅಂದರಾ ಎಂದು ಕೇಳಿದೆ. ಯಾರೂ ಕೆಟ್ಟವರಲ್ಲ ಎಂದರು. ಮೀನುಸಾರು ಮಾಡಿದ ದಿನ ಕರೆದು ಬಡಿಸಿದ್ದರು, ಜ್ವರ ಬಂದಾಗ ಮಾತ್ರೆ ತಂದುಕೊಟ್ಟಿದ್ದರು.

"ಮತ್ಯಾಕೆ?"

"ಆಫ್ರಿಕಾ, ಆಫ್ರಿಕಾ ಅಂತಾರ್ರಿ ಸರ್. ಚ್ಯಾಷ್ಟಿಗೆ. ಹೊಸಾ ಮಂದಿ ಬಂದ್ರ ಸಾಕು, ಇವ ಕನ್ನಡ ಮಾತಾಡ್ತಾನ ನೋಡ್ರಿ ಅಂತ ನನ್ನ ಕಡಿಂದ ಮಾತಾಡಿಸಿ ತೋರಸ್ತಾರ. ಡ್ಯೂಟಿ ಮುಗಿಸಿ ಬಂದು ಮತ್ತ ಡ್ಯೂಟಿ ಮಾಡಿದಂಗ ಆಗ್ತೈತಿ."

ಹಾಗೆ ಕರೆಯಬೇಡಿ ಎಂದು ನಾನು ಅವರಿಗೆ ಹೇಳುತ್ತೇನೆ ಎಂದೆ. ಬೇಡ ಎಂದು ಕೈ ಅಡ್ಡ ಮಾಡಿದರು. ಸಾಮಾನು ಕಟ್ಟಿಯಾಗಿತ್ತು: ಒಂದು ಸೂಟ್‌ಕೇಸು, ಒಂದು ಕಂಬಳಿ, ಒಂದು ಕುಕ್ಕರು. ಕುಕ್ಕರನ್ನು ನಾನು ಎತ್ತಿಕೊಂಡೆ. ಪಕ್ಕದ ಬ್ಲಾಕಿಗೆ ದಾಟಿ ಮಹಡಿ ಹತ್ತಿದೆವು. ಬಾಗಿಲು ತೆರೆದವನು ಉಗಾಂಡಾದವ, ಶೂಟಿಂಗಿನ ದಿನ ಹ್ಯಾಟು ಹಾಕಿ ಹಿಂದಿನ ಸಾಲಿನಲ್ಲಿ ಕೂತಿದ್ದ ಬೋಳುತಲೆಯವ. ಒಳಗೆ ಮೂರು ಮಂಚಗಳಲ್ಲಿ ಜನ ಮಲಗಿದ್ದರು. ಗೋಡೆಯ ಪಕ್ಕದ ಕೆಳಗಿನ ಮಂಚ ಖಾಲಿಯಿತ್ತು, ಅದರ ಮೇಲೆ ಯಾರದೋ ಒಗೆದ ಬಟ್ಟೆಗಳು. ಅವನು ಬಟ್ಟೆಗಳನ್ನು ಬಾಚಿ ಮೇಲಿನ ಮಂಚಕ್ಕೆ ಎಸೆದು, ಒಳಗಿನವರಿಗೆ ಕೇಳುವ ಹಾಗೆ ಹೇಳಿದ:

"ಇಂಡಿಯಾ ಬಂದ."

ಮಲಗಿದ್ದ ಒಬ್ಬ ಹೊದಿಕೆಯೊಳಗಿನಿಂದಲೇ ಕೈ ಎತ್ತಿದ. ಹಳಿಯಾಳದವರು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕಂಬಳಿ ಹಾಸಿ, ಕುಕ್ಕರಿಗಾಗಿ ನನ್ನ ಕಡೆ ಕೈ ಚಾಚಿದರು.